ಮಾರ್ಸಿಯನ್ನನ ಕತ್ತರಿ

ಕ್ರಿ.ಶ. 144ರ ಸುಮಾರಿಗೆ ರೋಮ್ ನಗರದ ಕ್ರೈಸ್ತ ಸಭೆ 2 ಲಕ್ಷ ಸೆಸ್ಟರ್ಸ್ ನಾಣ್ಯಗಳ ಕಾಣಿಕೆಯನ್ನು ದಾನಿಗೇ ವಾಪಸ್ ಕೊಟ್ಟುಬಿಟ್ಟಿತು. ದಾನಿ ಮಾರ್ಸಿಯನ್, ಕಪ್ಪು ಸಮುದ್ರ ತೀರದಿಂದ ಬಂದ ಹಡಗಿನ ಧಣಿ. ಯೆಹೂದ್ಯರ ಗ್ರಂಥಗಳು ಬೇಡವೇ ಬೇಡ, ಕತ್ತರಿಸಿದ ಲೂಕನ ಸುವಾರ್ತೆ, ಪೌಲನ ಹತ್ತು ಪತ್ರಗಳು ಸಾಕು ಎಂಬ ಅವನ ಹಟವನ್ನು ಸಭೆ ಒಪ್ಪಲಿಲ್ಲ.

ಲೂಕನ ಸುವಾರ್ತೆಯನ್ನೇ ತೆರೆದು ನೋಡಿ. ಸಬ್ಬತ್ ದಿನ ಯೇಸು ವಾಡಿಕೆಯಂತೆ ನಜರೇತಿನ ಸಭಾಮಂದಿರಕ್ಕೆ ಹೋದರು. ಓದಲು ಎದ್ದು ನಿಂತಾಗ ಕೈಗೆ ಬಂದದ್ದು ಅದೇ ಯೆಹೂದ್ಯ ಗ್ರಂಥಗಳಲ್ಲೊಂದಾದ ಯೆಶಾಯನ ಸುರುಳಿ. ಬಿಚ್ಚಿದರು, ಬಡವರ, ಸೆರೆಯಲ್ಲಿರುವವರ ಮಾತು ಬರುವ ಭಾಗವನ್ನು ಹುಡುಕಿ ಓದಿದರು, ಸುರುಳಿ ಸುತ್ತಿ ಸೇವಕನಿಗೆ ಕೊಟ್ಟು ಕುಳಿತರು. ಆ ಸುರುಳಿಯನ್ನು ಬದಿಗಿಟ್ಟರೆ ಅವರು ಅಂದು ಆಡಿದ ಮಾತಿಗೆ ನೆಲೆಯೆಲ್ಲಿ?

ಆದರೂ ನಮ್ಮಲ್ಲಿ ಎಷ್ಟೋ ಮನೆಗಳ ಬೈಬಲಿನಲ್ಲಿ, ಕೀರ್ತನೆಗಳನ್ನು ಬಿಟ್ಟರೆ, ಹಳೆಯ ಒಡಂಬಡಿಕೆಯ ಹಾಳೆಗಳು ಗರಿಗರಿಯಾಗಿಯೇ ಇರುತ್ತವೆ!

ಆ ಹಾಳೆಗಳನ್ನು ಓದಿಸುವುದು ಸಭೆಯ ಹೊಣೆ. ಪೌಲ ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯ ಸಭೆಯ ಕೆಲಸವನ್ನು ಹೇಳುತ್ತದೆ: ಜನರನ್ನು ಸೇವೆಗೆ ಅಣಿಗೊಳಿಸಬೇಕು, ಬಂದ ಬೋಧನೆಗೆಲ್ಲ ಓಲಾಡುವ ಎಳೆತನ ಬಿಟ್ಟು ಅವರು ಪ್ರೌಢರಾಗಬೇಕು. ಮಾರ್ಸಿಯನ್ನನ ಪಟ್ಟಿಯಲ್ಲೂ ಈ ಪತ್ರವಿತ್ತು, ಬೇರೆ ಹೆಸರಿನಲ್ಲಿ. ಅದೇ ಅಧ್ಯಾಯದಲ್ಲಿ ಪೌಲ ಆಧಾರವಾಗಿ ಹಿಡಿಯುವುದು ಯೆಹೂದ್ಯ ಗ್ರಂಥಗಳ ಒಂದು ಕೀರ್ತನೆಯನ್ನು.