ಅಂಗಡಿಗೆ ನಾನೂ ಬರ್ತೀನಿ!

ಅಪ್ಪ ಕೈಚೀಲ ಹಿಡಿದು ಚಪ್ಪಲಿ ಮೆಟ್ಟಿದರೆ ಸಾಕು, ಮನೆಯ ಚಿಕ್ಕವರೆಲ್ಲ "ನಾನೂ ಬರ್ತೀನಿ" ಅಂತ ಓಡಿ ಬರುವುದು ಎಲ್ಲ ಊರಲ್ಲೂ ಇದ್ದದ್ದೇ. ಆದರೆ 2020ರ ಮಾರ್ಚ್ ಕೊನೆಯಿಂದ ಬಹಳ ತಿಂಗಳು ಆ ಮಾತಿಗೆ ಸಿಕ್ಕ ಉತ್ತರ ಒಂದೇ: "ಬೇಡ, ಕೊರೋನಾ ಇದೆ." 65 ದಾಟಿದ ಅಜ್ಜ ಅಜ್ಜಿಯರು, 10 ತುಂಬದ ಮಕ್ಕಳು ತೀರಾ ಅಗತ್ಯವಿಲ್ಲದೆ ಹೊರಗೆ ಬರಬಾರದು ಎಂದು ಸರ್ಕಾರವೇ ಹೇಳಿತ್ತು. ಆಗ ನೀವು ತೊಟ್ಟಿಲಲ್ಲಿದ್ದಿರೋ, ಅಂಗನವಾಡಿಯಲ್ಲಿದ್ದಿರೋ! ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ ಅಮ್ಮಂದಿರು ಮಾತ್ರ ಜೊತೆಗೆ ಕರೆದುಕೊಂಡೇ ಹೋಗಬೇಕಿತ್ತು. ಅಂಥ ಮಕ್ಕಳಿಗೆ ಅಂಗಡಿ ಬಾಗಿಲಲ್ಲಿ ಕಂಡದ್ದೆಲ್ಲ ವಿಚಿತ್ರ. ನೆಲದ ಮೇಲೆ ಸುಣ್ಣದ ವೃತ್ತಗಳು, ಬಾಗಿಲಿಗೆ ಅಡ್ಡ ಹಗ್ಗ, ಹಣೆಗೆ ಗುರಿಯಿಡುವ ಪಿಸ್ತೂಲು.

ಪಿಸ್ತೂಲಿಂದಲೇ ಶುರು ಮಾಡೋಣ. ಅದನ್ನು ಕಂಡು ಎಷ್ಟೋ ಮಕ್ಕಳು ಅಮ್ಮನ ಸೆರಗಿನ ಹಿಂದೆ ಅಡಗಿದ್ದುಂಟು. ಹೆದರುವಂಥದ್ದು ಅದರಲ್ಲೇನೂ ಇರಲಿಲ್ಲ. ಬೆಚ್ಚಗಿರುವ ನಮ್ಮ ಮೈ ಯಾವಾಗಲೂ ಅವಗೆಂಪು ಕಿರಣಗಳನ್ನು ಹೊರಸೂಸುತ್ತಲೇ ಇರುತ್ತದೆ. ಅವು ಕಣ್ಣಿಗೆ ಕಾಣುವುದಿಲ್ಲ. ಆ ಉಪಕರಣ ಹಣೆಯಿಂದ ಬರುವ ಆ ಕಿರಣಗಳನ್ನು ಅಳೆದು ಮೈ ಎಷ್ಟು ಬಿಸಿಯಿದೆ ಎಂದು ಹೇಳುತ್ತದೆ, ಅಷ್ಟೇ. ಆದರೆ ಕೊರೋನಾ ತಗುಲಿದ ಎಷ್ಟೋ ಜನರಿಗೆ ಜ್ವರವೇ ಬರುತ್ತಿರಲಿಲ್ಲ. ಅವರೆಲ್ಲ ಈ ಪರೀಕ್ಷೆಯಲ್ಲಿ ಪಾಸಾಗಿ ನೆಟ್ಟಗೆ ಒಳಗೆ ಹೋಗುತ್ತಿದ್ದರು! ಹಾಗಾಗಿ ಅದನ್ನು ನಂಬಿ ಕೂರುವಂತಿರಲಿಲ್ಲ.

ಈಗ ಈ ಕಾಯಿಲೆ ತರುವ ಕೊರೋನಾ ವೈರಸ್ ವಿಷಯ. ಅದರ ಅಡ್ಡಗಲ ಸುಮಾರು 100 ನ್ಯಾನೋಮೀಟರ್. ನಿಮ್ಮ ತಲೆಗೂದಲೊಂದರ ದಪ್ಪದಲ್ಲಿ ಇಂಥವು 500ಕ್ಕೂ ಹೆಚ್ಚು ಸಾಲಾಗಿ ನಿಲ್ಲಬಹುದು. ಇಷ್ಟು ಚಿಕ್ಕದಾದರೂ ಅದಕ್ಕೊಂದು ಅಂಗಿಯಿದೆ, ಜಿಡ್ಡಿನಿಂದಾದ ಅಂಗಿ. ಸೋಪಿನ ಅಣುವಿನ ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದು ತುದಿಗೆ ಜಿಡ್ಡೆಂದರೆ ಇಷ್ಟ. ಜಿಡ್ಡಿನ ತುದಿ ವೈರಸ್ಸಿನ ಅಂಗಿಯೊಳಗೆ ತೂರಿಕೊಂಡು ಅದನ್ನು ಹರಿದುಬಿಡುತ್ತದೆ. ಅಂಗಿ ಹರಿದ ವೈರಸ್ ಏನೂ ಮಾಡಲಾರದು. ಈ ಕೆಲಸಕ್ಕೆ ಸ್ವಲ್ಪ ಹೊತ್ತು ಬೇಕು. ಅದಕ್ಕೇ ಅಮ್ಮ "20 ಸೆಕೆಂಡ್ ಉಜ್ಜು, ಬೆರಳ ಸಂದಿಯಲ್ಲೂ ಉಜ್ಜು" ಎಂದು ನಲ್ಲಿಯ ಹತ್ತಿರ ನಿಂತು ಗದರುತ್ತಿದ್ದದ್ದು.

ಕೈ ಯಾಕಷ್ಟು ಮುಖ್ಯ? ಕೈ ಸುಮ್ಮನಿರುವುದಿಲ್ಲವಲ್ಲ! ಆಸ್ಟ್ರೇಲಿಯಾದಲ್ಲಿ ಡಾಕ್ಟರಾಗಲು ಓದುತ್ತಿದ್ದ 26 ವಿದ್ಯಾರ್ಥಿಗಳನ್ನು ಗಮನಿಸಿ, ಸಂಶೋಧಕರು 2015ರಲ್ಲಿ ಒಂದು ವರದಿ ಬರೆದರು. ಆ ವಿದ್ಯಾರ್ಥಿಗಳು ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಳ್ಳುತ್ತಿದ್ದರಂತೆ. ಡಾಕ್ಟರಾಗುವವರ ಕಥೆಯೇ ಹೀಗಾದರೆ, ಪೆಪ್ಪರಮೆಂಟ್ ಡಬ್ಬಿ ಮುಟ್ಟಿದ ಬೆರಳನ್ನು ನೇರವಾಗಿ ಬಾಯಿಗಿಡುವ ಮೂರು ವರ್ಷದ ಪುಟ್ಟನ ಲೆಕ್ಕ ನೀವೇ ಹಾಕಿ.

ಸಾಮಾನಿನ ಬಗ್ಗೆಯೂ ದೊಡ್ಡವರಿಗೆ ಭಯ ಬಹಳವಿತ್ತು. ಪ್ಲಾಸ್ಟಿಕ್ ಮತ್ತು ಸ್ಟೀಲ್ ಮೇಲೆ ಈ ವೈರಸ್ ಮೂರು ದಿನದವರೆಗೆ, ರಟ್ಟಿನ ಮೇಲೆ ಒಂದು ದಿನದವರೆಗೆ ಉಳಿಯಬಲ್ಲದು ಎಂದು 2020ರ ಮಾರ್ಚ್‌ನಲ್ಲಿ ಪ್ರಯೋಗಾಲಯದಿಂದ ಸುದ್ದಿ ಬಂತು. ಸರಿ, ಹಾಲಿನ ಪ್ಯಾಕೆಟ್ಟಿಗೆ ಸ್ನಾನ, ತರಕಾರಿ ಚೀಲಕ್ಕೆ ಬಿಸಿಲು. ಕೆಲವರು ಟೊಮೇಟೊವನ್ನೂ ಸೋಪು ಹಾಕಿ ತೊಳೆದರು. ಅದು ಮಾತ್ರ ಬೇಡವಾಗಿತ್ತು; ತಿನ್ನುವ ಪದಾರ್ಥಕ್ಕೆ ಒಳ್ಳೆಯ ನೀರು ಸಾಕು. ವರ್ಷ ಕಳೆಯುವಷ್ಟರಲ್ಲಿ ವಿಜ್ಞಾನಿಗಳ ಲೆಕ್ಕ ಬದಲಾಯಿತು. ವೈರಸ್ ಅಂಟಿದ ಜಾಗವನ್ನು ಒಮ್ಮೆ ಮುಟ್ಟಿದರೆ ರೋಗ ಬರುವ ಸಾಧ್ಯತೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಅಂದರೆ ಅಂಗಡಿಯ ಬಿಸ್ಕೆಟ್ ಪೊಟ್ಟಣಕ್ಕಿಂತ ಅಂಗಡಿಯೊಳಗಿನ ಗಾಳಿಗೇ ಹೆಚ್ಚು ಹೆದರಬೇಕಿತ್ತು!

ಗಾಳಿಯಲ್ಲಿ ಏನಿತ್ತು? ನಾವು ಕೆಮ್ಮಿದಾಗ, ಮಾತಾಡಿದಾಗ, ಸುಮ್ಮನೆ ಉಸಿರಾಡಿದಾಗಲೂ ಬಾಯಿ ಮೂಗಿನಿಂದ ಹನಿಗಳು ಹೊರಡುತ್ತವೆ. ದೊಡ್ಡ ಹನಿ ಭಾರಕ್ಕೆ ಬೇಗ ನೆಲಕ್ಕೆ ಬೀಳುತ್ತದೆ. ಆರಡಿ ದೂರದ ಸುಣ್ಣದ ವೃತ್ತ ಇದ್ದದ್ದು ಈ ಹನಿಗಳಿಗಾಗಿ. ತೀರಾ ಸಣ್ಣ ಹನಿಗಳು ಮಾತ್ರ ಕೆಳಗೆ ಬೀಳದೆ, ದೇವರ ಕೋಣೆಯ ಊದುಬತ್ತಿ ಹೊಗೆಯಂತೆ ತೇಲುತ್ತ ಉಳಿಯುತ್ತವೆ. ಕಿಟಕಿ ಬಾಗಿಲು ಮುಚ್ಚಿದರೆ ಹೊಗೆ ಅಲ್ಲೇ ಸುತ್ತುತ್ತದೆ. ಅಂಗಳದಲ್ಲಿ ಹಚ್ಚಿದರೆ ಗಾಳಿಯಲ್ಲಿ ಕರಗಿ ಹೋಗುತ್ತದೆ. ಕೆಲವು ಊರುಗಳಲ್ಲಿ ತರಕಾರಿ ಮಾರುಕಟ್ಟೆಯನ್ನು ಬಯಲಿಗೆ, ಮೈದಾನಕ್ಕೆ ಸಾಗಿಸಿದ್ದು ಒಳ್ಳೆಯದೇ ಆಯಿತು. ಎಸಿ ಹಾಕಿ ಮುಚ್ಚಿದ ದೊಡ್ಡ ಮಳಿಗೆಗಿಂತ, ಗಾಡಿಯಲ್ಲಿ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಹೋಗುವುದೇ ಮಗುವಿಗೆ ಕ್ಷೇಮವಾಗಿತ್ತು. ಜೋರಾಗಿ ಮಾತಾಡಿದಷ್ಟೂ ಹನಿಗಳು ಹೆಚ್ಚು, ಆದ್ದರಿಂದ ಚೌಕಾಸಿಯನ್ನೂ ಮೆಲ್ಲಗೇ ಮಾಡಬೇಕಿತ್ತು!

ಮಾಸ್ಕ್ ಈ ಹನಿಗಳನ್ನು ತಡೆಯುತ್ತದೆ. ಹಾಗಂತ ಎಲ್ಲ ಮಕ್ಕಳಿಗೂ ಅಲ್ಲ. ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಬೇಡ, 6ರಿಂದ 11ರವರು ದೊಡ್ಡವರ ಕಣ್ಣಳತೆಯಲ್ಲಿ ಹಾಕಿಕೊಳ್ಳಬಹುದು ಎಂದು ನಮ್ಮ ಆರೋಗ್ಯ ಇಲಾಖೆ 2021ರಲ್ಲಿ ಹೇಳಿತು. ಪುಟ್ಟ ಮಗುವಿಗೆ ಉಸಿರು ಕಟ್ಟಿದರೆ ತಾನೇ ಬಿಚ್ಚಿಕೊಳ್ಳಲು ಬರುವುದಿಲ್ಲ.

ಹೆಚ್ಚಿನ ಮಕ್ಕಳಿಗೆ ಕೊರೋನಾ ಹಗುರವಾಗಿಯೇ ಬಂದು ಹೋಯಿತು. ಅಂಗಡಿಯಿಂದ ಹಿಡಿದು ತಂದ ವೈರಸ್ಸನ್ನು ಮನೆಯ ಅಜ್ಜನಿಗೆ ದಾಟಿಸಿದರೆ ಎಂಬುದೇ ದೊಡ್ಡ ಚಿಂತೆ. ವಯಸ್ಸಾದವರ ಮೈಗೆ ಆ ಕಾಯಿಲೆಯನ್ನು ತಡೆದುಕೊಳ್ಳುವುದು ಕಷ್ಟ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ತುರ್ತುಸ್ಥಿತಿ ಮುಗಿಯಿತು ಎಂದು ಸಾರಿತು. ವೈರಸ್ ಪೂರ್ತಿ ಹೋಗಿಲ್ಲ. ನೆಗಡಿ, ಫ್ಲೂ ವೈರಸ್ಸುಗಳೂ ಗಾಳಿಯಲ್ಲಿ ಹರಡುತ್ತಲೇ ಇವೆ. ಆದ್ದರಿಂದ ಮಕ್ಕಳೇ, ಮೂಗು ಸೋರುವ ದಿನ ಅಪ್ಪ ಚೀಲ ಹಿಡಿದು ಹೊರಟರೆ ನೀವೇ ಹೇಳಿಬಿಡಿ: "ಇವತ್ತು ನಾನು ಬರಲ್ಲ, ಬರುವಾಗ ಕಡಲೆಮಿಠಾಯಿ ತನ್ನಿ."