ಬಡ ಸಿನಿಮಾದ ಮಸುಕು



1945ರಲ್ಲಿ ಹಾಲಿವುಡ್‌ನಲ್ಲಿ ಒಂದು ಕಪ್ಪು-ಬಿಳುಪು ಚಿತ್ರ ತಯಾರಾಯಿತು. ಹೆಸರು ‘ಡಿಟೂರ್’. ಅವಧಿ 70 ನಿಮಿಷವೂ ಇಲ್ಲ. ನ್ಯೂಯಾರ್ಕಿನ ಪಿಯಾನೊ ವಾದಕನೊಬ್ಬ ಪ್ರೇಯಸಿಯನ್ನು ಕಾಣಲು ಲಾಸ್ ಏಂಜಲಿಸ್‌ಗೆ ಹೊರಡುತ್ತಾನೆ. ಕೈಯಲ್ಲಿ ಕಾಸಿಲ್ಲ, ಹೋಗಿ ಬರುವ ಕಾರುಗಳಿಗೆ ಕೈಯೊಡ್ಡುವುದೇ ಗತಿ. ಹತ್ತಿಸಿಕೊಂಡ ಕಾರಿನವನು ದಾರಿಯಲ್ಲೇ ಸತ್ತುಹೋಗುತ್ತಾನೆ. ಪೊಲೀಸರು ತನ್ನ ಮಾತು ನಂಬುವುದಿಲ್ಲವೆಂದು ಹೆದರಿದ ಈತ ಸತ್ತವನ ಬಟ್ಟೆ ತೊಟ್ಟು, ಅವನ ಹೆಸರಿನಲ್ಲೇ ಕಾರು ಓಡಿಸಿಕೊಂಡು ಹೋಗುತ್ತಾನೆ. ಮುಂದೆ ಇವನೇ ಕಾರಿಗೆ ಹತ್ತಿಸಿಕೊಂಡ ಹೆಂಗಸಿಗೆ ಆ ಸತ್ತವನ ಪರಿಚಯವಿರುತ್ತದೆ! ಅಲ್ಲಿಂದ ಮುಂದೆ ಇವನು ಅವಳ ಮುಷ್ಟಿಯೊಳಗೆ.

ಇಂಥ ಕತ್ತಲ ಕಥೆಗಳನ್ನು ಫ್ರೆಂಚ್ ವಿಮರ್ಶಕರು 1946ರಲ್ಲಿ ‘ಫಿಲ್ಮ್ ನೋಯರ್’ ಎಂದು ಕರೆದರು. ಅವುಗಳಲ್ಲಿ ದೊಡ್ಡ ಸ್ಟುಡಿಯೋಗಳ ಚಿತ್ರಗಳಿಗೆ ಹೇಗೋ ಪೋಷಕರಿದ್ದರು. ‘ಡಿಟೂರ್’ ಹುಟ್ಟಿದ್ದು ಪಿಆರ್‌ಸಿ ಎಂಬ ಬಡ ಕಂಪನಿಯಲ್ಲಿ. ನಿರ್ದೇಶಕ ಎಡ್ಗರ್ ಉಲ್ಮರ್ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿ ಹುಟ್ಟಿ, ಜರ್ಮನಿಯ ನಿರ್ದೇಶಕ ಮುರ್ನಾವ್ ಅವರಂಥವರ ಬಳಿ ಪಳಗಿ ಬಂದವರು. ಆರೇ ದಿನಗಳಲ್ಲಿ ಚಿತ್ರೀಕರಣ ಮುಗಿಸಿದೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚೇ ಹಿಡಿದಿತ್ತೆಂದು ಸಂಶೋಧಕರು ಆಮೇಲೆ ತೋರಿಸಿಕೊಟ್ಟರು. ಬಡತನವಂತೂ ಸುಳ್ಳಲ್ಲ. ನ್ಯೂಯಾರ್ಕಿನ ಬೀದಿ ಕಟ್ಟಲು ದುಡ್ಡಿರಲಿಲ್ಲ. ಹಾಗಾಗಿ ಮಂಜು ಎಬ್ಬಿಸಿ, ಒಂದೆರಡು ದೀಪದ ಕಂಬ ನಿಲ್ಲಿಸಿ, ಇದೇ ನ್ಯೂಯಾರ್ಕ್ ಎಂದರು. ನೋಡಿದವರು ಒಪ್ಪಿಕೊಂಡರು ಕೂಡ.

ಅಮೆರಿಕದಲ್ಲಿ ಆಗ ಕೃತಿಸ್ವಾಮ್ಯದ ಅವಧಿ 28 ವರ್ಷ. ಅದು ಮುಗಿಯುವಾಗ ನವೀಕರಿಸದಿದ್ದರೆ ಹಕ್ಕು ಹೋದಂತೆಯೇ. ಪಿಆರ್‌ಸಿ ಅಷ್ಟರಲ್ಲಿ ಬಾಗಿಲು ಹಾಕಿಕೊಂಡು ಬಹಳ ಕಾಲವಾಗಿತ್ತು, ‘ಡಿಟೂರ್’ ಹಕ್ಕನ್ನು ಯಾರೂ ನವೀಕರಿಸಲಿಲ್ಲ. ಚಿತ್ರ ಸಾರ್ವಜನಿಕ ಸ್ವತ್ತಾಯಿತು. ಮೇಲ್ನೋಟಕ್ಕೆ ಇದು ಒಳ್ಳೆಯದೇ ಅನ್ನಿಸುತ್ತದೆ. ಆದರೆ ಯಾರು ಬೇಕಾದರೂ ಮಾರಬಹುದಾದ ಚಿತ್ರದ ನೆಗೆಟಿವ್ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎಂದು ಯಾರು ವಿಚಾರಿಸುತ್ತಾರೆ? ವಿಡಿಯೊ ಕ್ಯಾಸೆಟ್ ಬಂತು, ಡಿವಿಡಿ ಬಂತು. ಕೈಗೊಂದು ಹಳೆಯ ಪ್ರಿಂಟ್ ಸಿಕ್ಕಿದವರೆಲ್ಲ ಅದನ್ನೇ ನಕಲು ಮಾಡಿ ಮಾರಿದರು, ಆ ನಕಲಿನಿಂದ ಇನ್ನೊಬ್ಬರು ನಕಲು ತೆಗೆದರು. ಬಾಯಿಂದ ಬಾಯಿಗೆ ಹೋದ ಸುದ್ದಿಯಂತೆ ಚಿತ್ರವೂ ಕೆಡುತ್ತಾ ಹೋಯಿತು. ನೆರಳಿನೊಳಗಿನ ವಿವರ ಒಂದೇ ಕಪ್ಪಾಗಿ ಹೆಪ್ಪುಗಟ್ಟಿತು, ಮುಖಗಳು ಸುಣ್ಣ ಬಳಿದಂತಾದವು. ಅಲ್ಲಲ್ಲಿ ಚೌಕಟ್ಟುಗಳೇ ಹಾರಿಹೋಗಿ ಮಾತು ತುಂಡಾಯಿತು.

ಇಷ್ಟಾದರೂ ಚಿತ್ರದ ಕೀರ್ತಿ ಬೆಳೆಯಿತು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಕೆಲವು ಅಭಿಮಾನಿಗಳಿಗಂತೂ ಆ ಗೀರು, ಆ ಮಬ್ಬು, ಎಲ್ಲವೂ ಉಲ್ಮರ್ ಶೈಲಿಯಂತೆಯೇ ಕಂಡಿತು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. ಚಿತ್ರ ತೆಗೆದವರ ಬಡತನ ಒಂದು, ನಕಲು ಮಾಡಿದವರ ಉಡಾಫೆ ಇನ್ನೊಂದು. ಎರಡನ್ನೂ ಪಾಪ ಉಲ್ಮರ್ ಲೆಕ್ಕಕ್ಕೇ ಬರೆದುಬಿಟ್ಟರೆ ಹೇಗೆ?

ಇವೆರಡನ್ನು ಬೇರ್ಪಡಿಸುವ ಕೆಲಸವನ್ನು ಅಕಾಡೆಮಿ ಫಿಲ್ಮ್ ಆರ್ಕೈವ್ ಮತ್ತು ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ 1990ರಲ್ಲಿ ಸ್ಥಾಪಿಸಿದ ಫಿಲ್ಮ್ ಫೌಂಡೇಶನ್ ಕೈಗೆತ್ತಿಕೊಂಡವು. ಹಣ ಕೊಟ್ಟದ್ದು ‘ಸ್ಟಾರ್ ವಾರ್ಸ್’ ನಿರ್ದೇಶಕ ಜಾರ್ಜ್ ಲೂಕಾಸ್ ಅವರ ಕುಟುಂಬದ ಪ್ರತಿಷ್ಠಾನ. ಕ್ಯಾಮೆರಾ ನೆಗೆಟಿವ್ ಸಿಗಲಿಲ್ಲ. ಆ ಕಾಲದ ಫಿಲ್ಮು ನೈಟ್ರೇಟ್. ಬೇಗ ಹೊತ್ತಿಕೊಳ್ಳುತ್ತದೆ, ಹಾಗೇ ಬಿಟ್ಟರೆ ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. ಬಹುಕಾಲ ಹುಡುಕಿದ ಮೇಲೆ ಒಳ್ಳೆಯ ಪ್ರತಿ ದೊರೆತದ್ದು ಅಮೆರಿಕದಲ್ಲಲ್ಲ, ಬೆಲ್ಜಿಯಂನ ಚಿತ್ರಭಂಡಾರದಲ್ಲಿ. ಅದಕ್ಕೂ ಒಂದು ತೊಡಕಿತ್ತು: ಬಿಂಬದ ಮೇಲೇ ಫ್ರೆಂಚ್ ಮತ್ತು ಫ್ಲೆಮಿಶ್ ಅಡಿಬರಹ ಅಚ್ಚಾಗಿತ್ತು. ಆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಅಳಿಸಬೇಕು, ಅವುಗಳ ಹಿಂದೆ ಮರೆಯಾದ ಕೋಟಿನ ಗುಂಡಿಯನ್ನೋ ಮೇಜಿನ ಅಂಚನ್ನೋ ಮತ್ತೆ ತುಂಬಬೇಕು. ಬೇರೆ ಪ್ರತಿಗಳ ನೆರವು ಪಡೆದು ಅದನ್ನೂ ಮುಗಿಸಿದರು. 2018ರಲ್ಲಿ ಹೊಸ ಪ್ರತಿ ತೆರೆ ಕಂಡಿತು, 2019ರಲ್ಲಿ ಕ್ರೈಟೀರಿಯನ್ ಕಂಪನಿ ಬ್ಲೂ-ರೇ ಮತ್ತು ಡಿವಿಡಿ ಹೊರತಂದಿತು.

ಇಂಥ ಕೆಲಸದಲ್ಲಿ ಕೊಳೆ ತೆಗೆಯುವುದಕ್ಕಿಂತ ಯಾವುದು ಕೊಳೆಯಲ್ಲ ಎಂದು ಗುರುತಿಸುವುದೇ ಕಷ್ಟ. ಚಿತ್ರದ ಕೊನೆಯ ಹೊತ್ತಿಗೆ ಆ ಹೆಂಗಸು ಟೆಲಿಫೋನ್ ಎತ್ತಿಕೊಂಡು ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಫೋನಿನ ತಂತಿ ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಇವನು ಈಚೆಯಿಂದ ಜಗ್ಗುತ್ತಾನೆ. ಒಳಗೆ ಅದು ಅವಳ ಕುತ್ತಿಗೆಗೆ ಸುತ್ತಿಕೊಂಡದ್ದು ಅವನಿಗೆ ಗೊತ್ತಿಲ್ಲ. ಬಾಗಿಲು ಒಡೆದು ಒಳಬಂದಾಗ ಕ್ಯಾಮೆರಾ ಅವನ ಮುಖದಿಂದ ಹೊರಟು ಕೋಣೆಯ ಸಾಮಾನುಗಳ ಮೇಲೆ ಒಂದೊಂದಾಗಿ ಹರಿಯುತ್ತದೆ. ಪ್ರತಿಯೊಂದೂ ಮೊದಲು ಮಸುಕು, ಆಮೇಲೆ ಸ್ಪಷ್ಟ, ಮತ್ತೆ ಮಸುಕು. ಬೇಕೆಂದೇ ಮಾಡಿದ್ದು ಅದು, ದಿಗಿಲುಬಿದ್ದವನ ಕಣ್ಣು. ಎಲ್ಲವೂ ಮಸುಕಾಗಿದ್ದ ಕ್ಯಾಸೆಟ್ಟಿನಲ್ಲಿ ಈ ಮಸುಕಿಗೆ ಬೆಲೆಯೆಲ್ಲಿ? ಸುತ್ತಲಿನದು ಸ್ವಚ್ಛವಾದ ಮೇಲೆಯೇ ಇದು ಎದ್ದು ಕಾಣುವುದು.

ಇನ್ನೊಂದು ತಮಾಷೆ ಇದೆ. ನಾಯಕ ಕಾರುಗಳಿಗೆ ಕೈಯೊಡ್ಡುವ ಕೆಲವು ಶಾಟ್‌ಗಳಲ್ಲಿ ಬಿಂಬ ಎಡ-ಬಲ ಅದಲುಬದಲಾಗಿದೆ. ಸ್ಟೀರಿಂಗ್ ನಮ್ಮ ಕಾರುಗಳ ಹಾಗೆ ಬಲಕ್ಕಿದೆ, ವಾಹನಗಳು ರಸ್ತೆಯ ಎಡಬದಿಯಲ್ಲಿ ಓಡುತ್ತವೆ. ನ್ಯೂಯಾರ್ಕಿನಿಂದ ಪಶ್ಚಿಮಕ್ಕೆ ಹೋಗುವವನು ನಕ್ಷೆಯಲ್ಲಿ ಬಲದಿಂದ ಎಡಕ್ಕೆ ಸಾಗಬೇಕಲ್ಲ, ಅದಕ್ಕಾಗಿ ನೆಗೆಟಿವನ್ನೇ ತಿರುಗಿಸಿದರು ಎಂಬುದು ಹಲವರ ವಾದ. ಕಂಪ್ಯೂಟರಿನಲ್ಲಿ ಅದನ್ನು ಸರಿಪಡಿಸುವುದು ಕ್ಷಣದ ಕೆಲಸ. ಮಾಡಲಿಲ್ಲ. ಒಳ್ಳೆಯದೇ ಆಯಿತು. ಆ ತಪ್ಪು 1945ರದ್ದು, ಚಿತ್ರದ ಪಾಲಿಗೆ ಸೇರಿದ್ದು. ಫಿಲ್ಮಿನ ಕಣಗಳನ್ನೂ ಹಾಗೆಯೇ ಉಳಿಸಿದ್ದಾರೆ. ಎಷ್ಟೋ ಡಿಸ್ಕ್‌ಗಳಲ್ಲಿ ಕಣ ಉಜ್ಜಿ ಅಳಿಸಿ, ನಟರ ಮುಖಗಳನ್ನು ಮೇಣದ ಬೊಂಬೆ ಮಾಡಿಬಿಡುತ್ತಾರೆ.

ಆ ಹೆಂಗಸಿನ ಪಾತ್ರ ಮಾಡಿದ ಆನ್ ಸ್ಯಾವೇಜ್ 2008ರಲ್ಲಿ ತೀರಿಕೊಂಡರು. ನಿರ್ದೇಶಕ ಉಲ್ಮರ್ ಮತ್ತು ನಾಯಕ ಟಾಮ್ ನೀಲ್ ಇಬ್ಬರೂ 1972ರಲ್ಲೇ ಹೋಗಿದ್ದರು. ಇಲ್ಲಿ ಎಷ್ಟು ಕತ್ತಲು ಬೇಕಿತ್ತು ಎಂದು ಕೇಳಲು ಯಾರೂ ಉಳಿದಿರಲಿಲ್ಲ. ಎಲ್ಲ ಚಿತ್ರಗಳಿಗೂ ಹೀಗಾಗುವುದಿಲ್ಲ. ಅದೇ ಫಿಲ್ಮ್ ಫೌಂಡೇಶನ್, ಲೂಕಾಸ್ ಕುಟುಂಬದ ನೆರವಿನಿಂದಲೇ, ಮುಂಬೈನ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಜೊತೆಗೂಡಿ ನಮ್ಮ ‘ಘಟಶ್ರಾದ್ಧ’ವನ್ನೂ ದುರಸ್ತಿ ಮಾಡಿಸಿತು. 1977ರ ಆ ಕಪ್ಪು-ಬಿಳುಪು ಚಿತ್ರ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಮತ್ತೆ ತೆರೆಗೆ ಬಂತು. ಅದರ ಮೂಲ ನೆಗೆಟಿವ್ ಪುಣೆಯ ಚಿತ್ರಭಂಡಾರದಲ್ಲಿತ್ತು. ಛಾಯಾಗ್ರಾಹಕ ಎಸ್. ರಾಮಚಂದ್ರ ಇರಲಿಲ್ಲ. ಆದರೆ ಕೇಳುವುದಕ್ಕೆ ನಿರ್ದೇಶಕ ಗಿರೀಶ ಕಾಸರವಳ್ಳಿ ಇದ್ದರು, ಕೇಳಿಯೇ ಕೆಲಸ ಮುಗಿಸಿದರು.