ವಿಕಿರಣ: ಹಿತವೆಷ್ಟು, ಅಹಿತವೆಷ್ಟು?

(ಬೆಟ್ಟದ ತಪ್ಪಲಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



‘ವಿಕಿರಣ’ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರಿಗೆ ಬಾಂಬು ನೆನಪಾಗುತ್ತದೆ, ಇಲ್ಲವೇ ಊರಿನ ಮೊಬೈಲ್ ಗೋಪುರ ಕಣ್ಣಮುಂದೆ ಬರುತ್ತದೆ. ಆದರೆ ಅಂತರಗಂಗೆಯ ಬಂಡೆಗಳನ್ನು ಕಾಯಿಸುವ ಬಿಸಿಲೂ ವಿಕಿರಣವೇ. ಮಾಲೂರಿನ ಇಟ್ಟಿಗೆ ಗೂಡಿನ ಮುಂದೆ ನಿಂತವರ ಮೈಗೆ ತಾಗುವ ಕಾವೂ ವಿಕಿರಣವೇ. ಆಕಾಶವಾಣಿಯ ಧ್ವನಿಯನ್ನು ಮನೆಗೆ ಹೊತ್ತು ತರುವ ಅಲೆಯೂ ಅದೇ ಕುಲಕ್ಕೆ ಸೇರಿದ್ದು. ಆದ್ದರಿಂದ ವಿಕಿರಣ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಯಾವ ಬಗೆಯದು, ಎಷ್ಟು ಪ್ರಮಾಣದ್ದು, ಅದನ್ನು ಅಳೆಯುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳಬೇಕು.

ಮೊದಲು ಬಗೆಯ ಮಾತು. ರೇಡಿಯೊ ಅಲೆ, ಮೊಬೈಲ್ ಅಲೆ, ಅವಗೆಂಪು ಕಿರಣ, ಕಣ್ಣಿಗೆ ಕಾಣುವ ಬೆಳಕು ಇವುಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತು ಹಾಕುವ ಬಲವಿಲ್ಲ. ಕ್ಷ-ಕಿರಣಕ್ಕೆ, ಗಾಮಾ ಕಿರಣಕ್ಕೆ, ಯುರೇನಿಯಂನಂಥ ವಸ್ತುಗಳಿಂದ ಹೊರಬೀಳುವ ಕಣಗಳಿಗೆ ಆ ಬಲವಿದೆ. ಜೀವಕೋಶದೊಳಗಿನ ವಂಶತಂತುವನ್ನು ಅವು ಘಾಸಿಗೊಳಿಸಬಲ್ಲವು. ಅತಿನೇರಳೆ ಕಿರಣ ಈ ಎರಡರ ಗಡಿಯಲ್ಲಿ ನಿಲ್ಲುತ್ತದೆ. ಚರ್ಮದಲ್ಲಿ ಡಿ ಜೀವಸತ್ವ ಉಂಟಾಗುವುದು ಬಿಸಿಲಿನ ಅತಿನೇರಳೆ ಕಿರಣದಿಂದಲೇ. ಅದು ಅತಿಯಾದರೆ ಕಣ್ಣಿಗೆ ಪೊರೆ ಬರುವುದು, ಚರ್ಮ ಕೆಡುವುದು. ವೆಲ್ಡಿಂಗ್ ಕಿಡಿಯನ್ನು ಬರಿಗಣ್ಣಿನಿಂದ ನೋಡಿದವರ ಕಣ್ಣು ರಾತ್ರಿಯಿಡೀ ಮರಳು ಬಿದ್ದಂತೆ ಉರಿಯುವುದೂ ಈ ಕಿರಣದ ದೆಸೆಯಿಂದಲೇ.

ಎರಡನೆಯದು ಪ್ರಮಾಣ. ನೆಲ, ಗಾಳಿ, ಆಹಾರ ಮತ್ತು ಆಕಾಶದಿಂದ ಮನುಷ್ಯನೊಬ್ಬನಿಗೆ ತಾಗುವ ಸಹಜ ವಿಕಿರಣದ ಜಾಗತಿಕ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಎದೆಯ ಒಂದು ಕ್ಷ-ಕಿರಣ ಚಿತ್ರದಿಂದ ತಾಗುವುದು ಸುಮಾರು 0.1. ಸಿ.ಟಿ. ಸ್ಕ್ಯಾನ್‌ನಿಂದ ತಾಗುವುದು ಅದರ ಹತ್ತಾರು ಪಟ್ಟು. ವೈದ್ಯರು ಅಗತ್ಯವೆಂದಾಗ ಹೆದರಿ ಬಿಡುವುದು ತಪ್ಪು. ಅಗತ್ಯವಿಲ್ಲದೆ ತಾವಾಗಿ ಕೇಳಿ ಮಾಡಿಸಿಕೊಳ್ಳುವುದೂ ತಪ್ಪು. ಗರ್ಭಿಣಿಯರು ಈ ವಿಷಯವನ್ನು ಮೊದಲೇ ತಿಳಿಸಬೇಕು. ಇದೇ ಕಿರಣವನ್ನು ಗಡ್ಡೆಯ ಮೇಲೆ ಗುರಿಯಿಟ್ಟು ಹಾಯಿಸಿದಾಗ ಅದು ಕ್ಯಾನ್ಸರಿಗೆ ಚಿಕಿತ್ಸೆಯಾಗುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನಡೆಯುತ್ತಿರುವುದು ಈ ಕೆಲಸವೇ.

ನಮ್ಮ ಜಿಲ್ಲೆಯ ಉದಾಹರಣೆಗಳನ್ನೇ ನೋಡೋಣ. ಶ್ರೀನಿವಾಸಪುರದ ಮಾವು ನಾಡಿಗೆಲ್ಲ ಹೆಸರಾದದ್ದು. ಓಟೆಯೊಳಗೆ ಅಡಗುವ ಹುಳುವಿನ ಭಯದಿಂದ ಅಮೆರಿಕ ಬಹುಕಾಲ ಭಾರತದ ಮಾವನ್ನು ಒಳಗೆ ಬಿಟ್ಟಿರಲಿಲ್ಲ. ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣಕ್ಕೆ ಒಡ್ಡಬೇಕೆಂಬ ಷರತ್ತಿನ ಮೇಲೆ 2007ರಲ್ಲಿ ಬಾಗಿಲು ತೆರೆಯಿತು. ಅಂಥ ಒಂದು ಸಂಸ್ಕರಣಾ ಘಟಕ ನಮ್ಮ ಮಾಲೂರಿನಲ್ಲಿಯೇ ಸ್ಥಾಪನೆಯಾಯಿತು. ಕಿರಣ ಹಣ್ಣಿನ ಮೂಲಕ ಹಾಯ್ದು ಹೋಗುತ್ತದೆಯೇ ಹೊರತು ಅದರಲ್ಲಿ ಉಳಿಯುವುದಿಲ್ಲ. ದೀಪದ ಬೆಳಕು ಬಿದ್ದ ಗೋಡೆ ದೀಪವಾಗುವುದಿಲ್ಲವಷ್ಟೆ. ಆದರೂ ಹೀಗೆ ಸಂಸ್ಕರಿಸಿದ ಆಹಾರದ ಮೇಲೆ ಗುರುತು ಇರಬೇಕೆಂಬುದು ಕೊಳ್ಳುವವರ ಹಕ್ಕು.

ಕೋಲಾರದ ಚಿನ್ನದ ಗಣಿಗೆ ಇನ್ನೊಂದು ಹಿರಿಮೆಯಿದೆ. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ಮೇಲಿನ ಬಂಡೆಯೇ ತಡೆಯುವುದರಿಂದ, ನೆಲದ ಕೆಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಿಜ್ಞಾನಿಗಳಿಗೆ ‘ನಿಶ್ಶಬ್ದ’ ದೊರೆಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಇಲ್ಲಿ ಹಿಡಿದರು.

ಅದೇ ಗಣಿ 2001ರಲ್ಲಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿದ್ದಾಗ, ಅಣುತ್ಯಾಜ್ಯವನ್ನು ಕೋಲಾರದ ಗಣಿಯಲ್ಲಿ ಹೂಳುವರೆಂಬ ಸುದ್ದಿ ಹಬ್ಬಿ ಜನ ಬೀದಿಗಿಳಿದರು. ಅಂಥ ಯೋಜನೆ ಇಲ್ಲವೆಂದು ಸರ್ಕಾರದ ಕಡೆಯಿಂದ ಸ್ಪಷ್ಟನೆ ಬಂತು. ಅದಕ್ಕೂ ಬಹಳ ಹಿಂದೆ, ಗಣಿಯ ಆಳದಲ್ಲಿ ಬಂಡೆಯು ಕಾವನ್ನು ಹೇಗೆ ತಾಳಿಕೊಳ್ಳುತ್ತದೆಂದು ತಿಳಿಯಲು ಪ್ರಯೋಗ ನಡೆದದ್ದು ನಿಜ. ಅಲ್ಲಿ ಬಳಸಿದ್ದು ವಿದ್ಯುತ್ ಹೀಟರುಗಳನ್ನು, ಅಣುತ್ಯಾಜ್ಯವನ್ನಲ್ಲ. ಜನರಿಗೆ ಈ ವಿಷಯವನ್ನು ಕಾಲಕಾಲಕ್ಕೆ ತಿಳಿಸಿದ್ದರೆ ಅಷ್ಟು ಆತಂಕಕ್ಕೆ ಎಡೆಯಿರುತ್ತಿರಲಿಲ್ಲ. ಮಾಹಿತಿ ಇಲ್ಲದ ಕಡೆ ಭಯ ಬೆಳೆಯುತ್ತದೆ.

ಈಗ ಅಳೆಯುವವರ ಪ್ರಶ್ನೆಗೆ ಬರೋಣ. ಗೋಪುರದ ಅಲೆಗೆ ಮಿತಿಯಿದೆ. 2012ರ ಸೆಪ್ಟೆಂಬರಿನಿಂದ ಭಾರತ ಅದನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದಕ್ಕೆ ಇಳಿಸಿತು. ಊರಿನ ಗೋಪುರದ ಬಗ್ಗೆ ಅರ್ಜಿ ಬರೆಯುವ ನಾವು ಊರಿನ ಕೊಳವೆ ಬಾವಿಯ ಬಗ್ಗೆ ಬರೆದಿದ್ದೇವೆಯೇ? ನಮ್ಮ ಕಾಲ ಕೆಳಗಿನ ಕಣಶಿಲೆಯಲ್ಲಿ ಯುರೇನಿಯಂ ಸಹಜವಾಗಿಯೇ ಇದೆ. ಕೆರೆಗಳು ಬತ್ತಿ, ಸಾವಿರ ಅಡಿಗೂ ಮೀರಿ ಕೊರೆದು ತೆಗೆದ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತು ಅದನ್ನು ಕರಗಿಸಿಕೊಂಡಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಕೋಲಾರ ಜಿಲ್ಲೆಯೂ ಸೇರಿದಂತೆ ಪೂರ್ವ ಕರ್ನಾಟಕದ ಹಲವು ಕೊಳವೆ ಬಾವಿಗಳ ನೀರು ಈ ಮಿತಿಯನ್ನು ದಾಟಿದೆಯೆಂದು ಪರೀಕ್ಷೆಗಳು ತೋರಿಸಿವೆ. ಇಲ್ಲಿ ವಿಕಿರಣಕ್ಕಿಂತ ಹೆಚ್ಚಾಗಿ, ಭಾರಲೋಹವಾಗಿ ಅದು ಮೂತ್ರಪಿಂಡಕ್ಕೆ ಮಾಡುವ ಹಾನಿ ಮುಖ್ಯ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ಹಾಗಾದರೆ ನಾವು ಮಾಡಬೇಕಾದದ್ದೇನು? ಪಂಚಾಯಿತಿಯ ಸಾಮಾನ್ಯ ಪರೀಕ್ಷಾ ಪೆಟ್ಟಿಗೆ ಫ್ಲೋರೈಡನ್ನು ತೋರಿಸೀತು, ಯುರೇನಿಯಂ ಅನ್ನು ತೋರಿಸದು. ಆದ್ದರಿಂದ ಪ್ರತಿ ಕುಡಿಯುವ ನೀರಿನ ಕೊಳವೆ ಬಾವಿಗೂ ಯುರೇನಿಯಂ ಪರೀಕ್ಷೆಯಾಗಲಿ ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಗೆ ಕಳುಹಿಸಿ. ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಶುದ್ಧ ನೀರಿನ ಘಟಕದ ಆರ್.ಓ. ಪೊರೆ ಯುರೇನಿಯಂ ಅನ್ನು ಬಹುಪಾಲು ತಡೆಯುತ್ತದೆ. ಆದರೆ ಪೊರೆಯನ್ನು ಕಾಲಕ್ಕೆ ಸರಿಯಾಗಿ ಬದಲಿಸಿದ್ದಾರೆಯೇ, ತ್ಯಾಜ್ಯ ನೀರು ಎಲ್ಲಿಗೆ ಹರಿಯುತ್ತಿದೆ ಎಂದು ವಿಚಾರಿಸಿ. ಆ ನೀರಿನಲ್ಲಿ ವಿಷ ಇಮ್ಮಡಿಯಾಗಿರುತ್ತದೆ. ಅದನ್ನು ದನಕರುಗಳ ತೊಟ್ಟಿಗೆ ಬಿಡಬಾರದು.

ಶಾಶ್ವತ ಪರಿಹಾರ ಬೆಟ್ಟದ ಮೇಲಿದೆ. ಬೆಟ್ಟದ ಕುರುಚಲು ಕಾಡು ಉಳಿದರೆ ಮಳೆನೀರು ನಿಧಾನವಾಗಿ ಇಳಿಯುತ್ತದೆ, ರಾಜಕಾಲುವೆ ತೆರವಾದರೆ ಕೆರೆ ತುಂಬುತ್ತದೆ, ಕೆರೆ ತುಂಬಿದರೆ ಮೇಲ್ಪದರದ ನೀರೇ ನಮಗೆ ಸಾಕಾಗುತ್ತದೆ. ಅಷ್ಟು ಆಳಕ್ಕಿಳಿದು ಬಂಡೆಯೊಳಗಿನ ಹಳೆಯ ನೀರನ್ನು ಕೆಣಕುವ ಪ್ರಮೇಯವೇ ಬರುವುದಿಲ್ಲ. ಕಲ್ಲು ಗಣಿಗಾರಿಕೆಗೆ ಬೆಟ್ಟವನ್ನು ಒಪ್ಪಿಸುವ ಮುನ್ನ ಈ ಲೆಕ್ಕವನ್ನೂ ಹಾಕೋಣ.